ಬೆಳಕು ಹಿಡಿಯುವ ಕೆಲಸ

ಎಂಟನೇ ಹುಟ್ಟುಹಬ್ಬದ ರಾತ್ರಿ ಅಪ್ಪ ನನ್ನ ಕೈಗೆ
ಸ್ಪಾಟ್‌ಲೈಟಿನ ಹಿಡಿ ಕೊಟ್ಟ.
"ಮೆಲ್ಲಗೆ ತಿರುಗಿಸು ಜೊಲೀನ್, ಗೋಡೆಗೆ ಸುಣ್ಣ ಬಳಿದ ಹಾಗೆ,
ಒಂದು ಪಟ್ಟಿಯೂ ಬಿಟ್ಟುಹೋಗಬಾರದು."
ಬಳಿದೆ. ಮಲ್ಗಾ ಮರ, ತಂತಿಬೇಲಿ,
ಒಣಗಿದ ಕಾಲುವೆ, ಮತ್ತೆ ಮಲ್ಗಾ,
ಆಮೇಲೆ ಜೋಡಿ ಕೆಂಡ.
ಆಳೆತ್ತರ ಎದ್ದು ನಿಂತು
ಯಾರು ಬಂದಿರಿ ಎಂದು ಕೇಳುವ ಮುಖ.

ಈಗ ಬಂದೂಕು ನನ್ನದು.
ಅಪ್ಪ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಚಹಾದ ಫ್ಲಾಸ್ಕು.
ನಲವತ್ತು ವರ್ಷದ ಗುಂಡಿನ ಸದ್ದು
ಅವನ ಕಿವಿಯೊಳಗೆ ಹೊಕ್ಕು
ಒಳಗಿಂದ ಅಗುಳಿ ಹಾಕಿಕೊಂಡಿದೆ.
ಲೆಕ್ಕ ಮಾತ್ರ ಬಿಟ್ಟಿಲ್ಲ.
ಹಿಂದಿನ ಕೊಕ್ಕೆಗೆ ಒಂದೊಂದು ಒಡಲು ಏರಿದಾಗಲೂ
ಗಾಡಿ ಎಷ್ಟು ಕುಸಿಯಿತೆಂದು ಸೊಂಟದಲ್ಲೇ ತೂಗುತ್ತಾನೆ.
"ಮೂವತ್ತು ಕಿಲೋ. ಮುದುಕ."
ಬೆಳಗ್ಗೆ ಲೆಸ್ಟರ್ ಕ್ವಿಲ್ಟಿಯ ತಕ್ಕಡಿ
ಇಪ್ಪತ್ತೊಂಬತ್ತೂವರೆ ಅನ್ನುತ್ತದೆ.

ತಲೆಗೇ ತಗಲಬೇಕು.
ಕುತ್ತಿಗೆಗೆ ಬಿದ್ದರೆ ಚಿಲ್ಲರ್‌ನವರು ಒಳಗೆ ಸೇರಿಸರು,
ನನಗೂ ಆ ರಾತ್ರಿ ಚಹಾ ಇಳಿಯದು.
ಕೆಂಪು ಕಾಂಗರೂಗಳಲ್ಲಿ ಗಂಡುಗಳನ್ನಷ್ಟೇ ಆಯುತ್ತೇನೆ.
ಯಾಕೆಂದು ಅಪ್ಪ ಕೇಳುವುದಿಲ್ಲ.
ಅವನ ಕಾಲದಲ್ಲಿ ಹೆಣ್ಣುಗಳೂ ಬೀಳುತ್ತಿದ್ದವು.
ಹೊಟ್ಟೆಯ ಚೀಲದಲ್ಲಿ ಹೆಬ್ಬೆರಳುದ್ದದ್ದು,
ಇನ್ನೂ ರೋಮ ಬಾರದ್ದು ಇದ್ದರೆ
ಏನು ಮಾಡಬೇಕೆಂದು ನಿಯಮದ ಪುಸ್ತಕದಲ್ಲಿ ಒಂದೇ ಸಾಲು.
"ದೀಪ ಆಚೆ ತಿರುಗಿಸು" ಎಂದು ನನಗೆ ಹೇಳಿ
ಗಾಡಿಯ ಆ ಬದಿಗೆ ಹೋಗಿ
ಅಪ್ಪ ಆ ಸಾಲನ್ನು ಕತ್ತಲಲ್ಲಿ ಮುಗಿಸಿ ಬರುತ್ತಿದ್ದ.
ಒಂದು ಸಲ, ನವಿರು ಮೂಡಿದ್ದೊಂದನ್ನು
ಅಂಗಿಯೊಳಗೆ ಇಟ್ಟುಕೊಂಡು ಬಂದ.
ಅಮ್ಮ ದಿಂಬಿನ ಚೀಲಕ್ಕೆ ಹಾಕಿ
ಬಾಗಿಲ ಹಿಡಿಗೆ ತೂಗುಬಿಟ್ಟಳು.
ಹನ್ನೊಂದು ದಿನ ಬದುಕಿತು.
ಹೆಸರಿಟ್ಟಿದ್ದೆವು. ಹೇಳುವುದಿಲ್ಲ.

ಕಳೆದ ಜುಲೈ. ಪಾರೂ ನದಿಯ ಆಚೆ
ಬೇಲಿಯ ತಂತಿಗೆ ಇಬ್ಬನಿ ಹೆಪ್ಪುಗಟ್ಟುವ ಚಳಿ.
ಹನ್ನೆರಡು ತೂಗುತ್ತಿದ್ದವು.
ದೀಪ ಒಮ್ಮೆ ಕಣ್ಣುಜ್ಜಿಕೊಂಡು ಆರಿಹೋಯಿತು.
ಬ್ಯಾಟರಿಯ ತಂತಿ ತಡಕುತ್ತಿದ್ದವಳು ನಿಂತೆ.
ಪರ್, ಪರ್, ಪರ್.
ಹುಲ್ಲು ಕಿತ್ತು ಬರುವ ಸದ್ದು. ಎಡಕ್ಕೆ, ಬೆನ್ನ ಹಿಂದೆ,
ನನ್ನ ಬೂಟಿನಿಂದ ಎರಡಾಳು ದೂರದಲ್ಲಿ.
ಬೆಳಕಿದ್ದಷ್ಟು ಹೊತ್ತು ಅವಕ್ಕೆ
ಕಣ್ಣೆರಡು ಬಿಟ್ಟರೆ ಏನೂ ಇರಲಿಲ್ಲ.
ಈಗ ಹಲ್ಲಿತ್ತು, ಹಸಿವಿತ್ತು,
ಒಂದಕ್ಕೆ ಕೆಮ್ಮು ಬೇರೆ.

"ಯಾಕೆ ನಿಂತೆ?"
ಕಿವುಡರು ಕೂಗುವ ಹಾಗೆ ಕೂಗಿದ ಅಪ್ಪ.
ಇಡೀ ಬಯಲು ದಡದಡನೆ ಎದ್ದು ಓಡಿತು.
ಕಾಲಡಿಯ ತಗಡು ಅವನಿಗೆ ಏನೋ ಹೇಳಿರಬೇಕು,
ಇಳಿದ. ಕೈಗವಸು ಕಳಚಿದ.
ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಅಂಗೈ ಒತ್ತಿದ,
ಹಸುವಿನ ಹೊಟ್ಟೆ ಮುಟ್ಟಿ
ಕರು ಯಾವ ಕಡೆ ತಿರುಗಿದೆ ಎಂದು ನೋಡುವವರ ಹಾಗೆ.
"ನಲವತ್ತರ ಮೇಲೆ," ಅಂದ. "ಪಡುವಣಕ್ಕೆ ಹೋದವು.
ಒಂದರ ಕುಪ್ಪಳಿಕೆ ಸಮ ಬೀಳುತ್ತಿಲ್ಲ."
ಯಾರ ಗುಂಡು ಅಂತ
ಅವನೂ ಹೇಳಲಿಲ್ಲ, ನಾನೂ.

ತಂತಿ ಸಿಕ್ಕಿತು. ಬೆಳಕು ಬಂತು.
ಮುಂಜಾವದೊಳಗೆ ಇನ್ನೂ ಏಳು ಕೊಕ್ಕೆಗೇರಿದವು.
ಡೀಸೆಲಿಗೂ ಸಾಲದ ರಾತ್ರಿ ಯಾರಿಗೆ ಬೇಕು?
ಲೆಸ್ಟರ್ ತೂಗಿದ, ಚೀಟಿ ಹರಿದುಕೊಟ್ಟ,
ಕಿಲೋಗೆ ಹತ್ತು ಸೆಂಟ್ ಇಳಿದಿದೆ ಅಂದ.
ಗಾಡಿಯ ಹಿಂಬದಿ ತೊಳೆದ ನೀರಿಗೆ
ಕಾಗೆಗಳು ಹೊತ್ತಿಗೆ ಸರಿಯಾಗಿ ಬಂದಿದ್ದವು.

ಮನೆ. ನನ್ನ ಕಿಟಕಿಗೆ ಬೆಳ್ಳಿಕಾಗದ ಅಂಟಿಸಿದೆ,
ಹಗಲು ಒಳಗೆ ಬಾರದಂತೆ.
ರೆಪ್ಪೆ ಮುಚ್ಚಿದರೂ ದೀಪದ ಬಿಳಿ ವರ್ತುಲ
ಏನನ್ನೋ ಹುಡುಕುತ್ತಲೇ ಇರುತ್ತದೆ.
ಎದ್ದು ಕೋಣೆಯಲ್ಲಿ ಅತ್ತಿತ್ತ ನಡೆಯುತ್ತೇನೆ, ಬರಿಗಾಲಲ್ಲಿ.
ಗೋಡೆಯಾಚೆ ಅಡುಗೆಮನೆಯಲ್ಲಿ,
ಅದೇ ಹಲಗೆನೆಲದ ಇನ್ನೊಂದು ತುದಿಯಲ್ಲಿ
ಬರಿಗಾಲಲ್ಲೇ ನಿಂತ ಅಪ್ಪ
ಬ್ರೆಡ್ಡಿಗೆ ಬೆಣ್ಣೆ ಸವರುತ್ತ
"ಮಲಗು" ಅನ್ನುತ್ತಾನೆ.