ಎರಡರ ವೇಗದಲ್ಲಿ

ತಿಬಿಲಿಸಿಯಲ್ಲಿ ಟ್ರಾಮು ನಿಂತ ಚಳಿಗಾಲ ಅದು.
ಮೂವತ್ತೊಂದು ವರ್ಷ ಬ್ರೇಕು ಬಿಗಿದ ಕೈಗೆ ಕೆಲಸವಿಲ್ಲ.
ಒಂಬತ್ತು ಮಹಡಿಯ ನಮ್ಮ ಕಟ್ಟಡ
ಲಿಫ್ಟಿನ ಮುಂದೆ ಸಭೆ ಸೇರಿ ತೀರ್ಮಾನಿಸಿತು:
ಕಂಪ್ಯೂಟರ್ ಇರುವುದು ಮುರ್ಮಾನನಿಗೆ, ಪುರುಸೊತ್ತೂ ಅವನಿಗೇ;
ಎಲ್ಲರ ಕ್ಯಾಸೆಟ್ಟಿಗೂ ಬೂಸ್ಟು ಹಿಡಿಯುತ್ತಿದೆ,
ಡಿವಿಡಿ ಬರೆಯುವ ಯಂತ್ರ ಒಂದು ಬರಲಿ.
ಲಿಫ್ಟಿಗೆ ನಾಣ್ಯ ಹಾಕದೆ ಒಂದು ತಿಂಗಳು
ಜನ ಮೆಟ್ಟಿಲು ಹತ್ತಿದರು. ಉಳಿದ ಚಿಲ್ಲರೆ
ಉಪ್ಪಿನಕಾಯಿ ಜಾಡಿಯಲ್ಲಿ ನನ್ನ ಮನೆಗೆ ಬಂತು.
(ತ್ಸಿಯಾಲಾ ಮೇಡಂ ಹತ್ತಲಿಲ್ಲ. ಮಂಡಿನೋವು.
ಬದಲಿಗೆ ಒಂದು ಚೀಲ ಅಕ್ರೋಟು ಕೊಟ್ಟರು.)

ಸ್ಟೇಷನ್ನಿನ ಹಿಂದೆ ಜೆಮಾಲನ ಅಂಗಡಿ,
ಅಂಗಡಿಯೆಂದರೆ ಎರಡು ಮೇಜು, ಒಂದು ಸೀಮೆಎಣ್ಣೆ ಒಲೆ.
“ಅಗಲ ಪಟ್ಟಿಯ ಕೇಬಲ್ಲೋ, ಸಪೂರದ್ದೋ?”
ಅಗಲದ್ದು, ಅಂದೆ.
“ಹಾಗಾದರೆ ಹಿಂದಿನ ಪುಟ್ಟ ಪಿನ್ನು ನೋಡಿ ಹಾಕು.
ಹಾರ್ಡ್ ಡಿಸ್ಕ್ ಯಜಮಾನ, ಇದು ಆಳು.
ಇಬ್ಬರೂ ಯಜಮಾನರಾದರೆ ಮನೆ ನಡೆಯುವುದಿಲ್ಲ.”
ಕಾರ್ಮಿಕ ಸಂಘದಲ್ಲಿದ್ದವ ನಾನು. ಕೇಳಿಸಿಕೊಂಡು ಸುಮ್ಮನಾದೆ.

ಮುಖದ ಮೇಲೆ ಹದಿನಾರು, ಹದಿನೆಂಟು ಅಂತ
ವೇಗ ಬರೆದುಕೊಂಡವು ಐದಾರಿದ್ದವು.
ಒಂದೊಂದರ ಗುಂಡಿ ಏಳೇಳು ಸಲ ಒತ್ತಿದೆ.
ಬಾಗಿಲು ಅದುರದೆ ಮುಚ್ಚುವ ಗಾಡಿ ದಾರಿ ಬಿಡುವುದಿಲ್ಲ,
ಡಿಪೋ ಕಲಿಸಿದ್ದು ಇಷ್ಟೇ.
ಕೊಂಡದ್ದು ಅಗ್ಗದ್ದಲ್ಲ, ಚಂದದ್ದೂ ಅಲ್ಲ.
ಬಾಯಿ ಮುಚ್ಚಿದರೆ ಸದ್ದಿಲ್ಲದ್ದು.

ಆಮೇಲೆ ಖಾಲಿ ತಟ್ಟೆ. ಪ್ಲಸ್ಸೋ, ಮೈನಸ್ಸೋ?
ತೆಮುರಿಯ ಪ್ಲೇಯರಿಗೆ ಮೈನಸ್ ಬಿಟ್ಟು ಬೇರೆ ಸೇರದು,
ಒಂಬತ್ತನೇ ಮಹಡಿಯವರದು ಕೊಟ್ಟಿದ್ದೆಲ್ಲ ನುಂಗುತ್ತದೆ.
ಎಲ್ಲರಿಗೂ ಒಗ್ಗಿದ್ದು ಕಳೆಯುವ ಲೆಕ್ಕವೇ.
ಹೆಸರಿಲ್ಲದ ನೂರರ ಕಟ್ಟಿಗೆ ಕೈಚಾಚಿದೆ.
ಜೆಮಾಲ್ ಒಂದನ್ನು ದೀಪಕ್ಕೆ ಹಿಡಿದ:
“ಅಂಚಿನವರೆಗೆ ಬಣ್ಣವೇ ಬಂದಿಲ್ಲ.
ಮದುವೆಯೇನೋ ಆಗುತ್ತದೆ, ಊಟದ ಹೊತ್ತಿಗೆ ಚಿತ್ರ ಕಲ್ಲು.”
ಇಪ್ಪತ್ತೈದರ ಡಬ್ಬವೇ ಸಾಕು ಅಂದೆ.
ನಾಲ್ಕು ಪಾಯಿಂಟ್ ಏಳು ಅಂತ ಬರೆದಿತ್ತು,
ಮನೆಯಲ್ಲಿ ಯಂತ್ರ ಎಣಿಸಿದ್ದು ನಾಲ್ಕು ಪಾಯಿಂಟ್ ಮೂರು ಚಿಲ್ಲರೆ.
ಸಂತೆಯ ತೂಕ ಎಲ್ಲಿಯೂ ಸಂತೆಯ ತೂಕವೇ.

ಮದುವೆಗಳು ಬಂದವು, ನಾಮಕರಣಗಳು,
ತೆಮುರಿಯ ಕಪ್ಪು ಸಮುದ್ರ, ಅದರೊಳಗೆ ತೆಮುರಿ.
ಏಳನೇ ಮಹಡಿಯ ಲಾಮಾರಾ ಕೊನೆಗೆ ಬಂದಳು,
ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಿಕೊಂಡು.
ಅಡುಗೆಮನೆ. ಮೇಜು. ಹುಳಿ ಪ್ಲಮ್ಮು ಕುದಿಸುತ್ತ ಅವಳು.
ಬೆಸಿಕಿ ಎಲ್ಲೂ ಇಲ್ಲ. ಕ್ಯಾಮೆರಾ ಹಿಡಿದವನೇ ಅವನು.
ಬರೀ ಉಸಿರು, ಒಂದು ಕೆಮ್ಮು, ಮತ್ತೆ:
“ದೇದಾ, ನೀ ನಗಬೇಡ, ನನ್ನ ಕೈ ಅಲುಗುತ್ತೆ.”

“ನಿಧಾನಕ್ಕೆ ಬರಿ ಮುರ್ಮಾನ್,” ಅಂದಳು, “ಆಳಕ್ಕೆ ಇಳಿಯಲಿ.”
ನಿಧಾನಕ್ಕೂ ಆಳಕ್ಕೂ ನಂಟಿಲ್ಲವೆಂದು ಹೇಳಲಿಲ್ಲ.
ಎರಡರ ವೇಗ ಇಟ್ಟೆ. ಇಪ್ಪತ್ತೆರಡು ನಿಮಿಷ.
ಹತ್ತೊಂಬತ್ತನೆಯದರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲಿ ಅಕ್ರೋಟು ಒಡೆದು ತಿಂದೆವು.
ದೀಪ ಬಂದ ಮೇಲೆ ತಟ್ಟೆ ತೆಗೆದು ತೋರಿಸಿದೆ:
ಒಳಗೊಂದು ಗಾಢ ಬಳೆ, ಅದರಾಚೆ ಬೋಳು.
“ಇದರಲ್ಲಿ ಎಷ್ಟಿದ್ದಾನೆ?”
ಇದು ಇನ್ನು ಓದುವುದಿಲ್ಲ, ಅಂದೆ.
“ನಾನು ಕೇಳಿದ್ದು ಅದಲ್ಲ.”

ಇನ್ನೊಂದು ಹಾಕಿದೆ. ಈ ಸಲ ದಾಟಿತು.
ಕೊನೆಗೆ ಯಂತ್ರ ಕೇಳಿತು: ಮುಚ್ಚಲೇ?
ಮುಚ್ಚಿದರೆ ಮತ್ತೇನನ್ನೂ ಸೇರಿಸಲಾಗದು.
ಕನ್ನಡಕ ಏರಿಸಿ ಅವಳು ಎರಡು ಸಲ ಓದಿದಳು.
“ಮುಚ್ಚದಿದ್ದರೆ?”
“ನಿನ್ನ ಪ್ಲೇಯರ್ ಹಿಡಿಯುವುದಿಲ್ಲ.”
“ಜಾಗ ಉಳಿದಿದೆಯಲ್ಲ.”
“ಉಳಿದಿದೆ.”
ಒಲೆಯ ಕಡೆ ನೋಡಿದಳು. ಆಮೇಲೆ ನನ್ನ ಕೈ ಸರಿಸಿ
ಮೌಸನ್ನು ತಾನೇ ಒತ್ತಿದಳು,
ಕರೆಗಂಟೆ ಒತ್ತುವ ಹಾಗೆ, ಇಡೀ ತೋಳಿನಿಂದ.

ಎರಡನ್ನೂ ಟವೆಲಿಗೆ ಸುತ್ತಿಕೊಂಡಳು, ಕೆಟ್ಟದ್ದನ್ನೂ.
ನಾಣ್ಯ ಉಳಿಸುವ ತಿಂಗಳು ಮುಗಿದು ಎಷ್ಟೋ ಕಾಲವಾಗಿತ್ತು.
ಆದರೂ ಏಳು ಮಹಡಿ ನಡೆದೇ ಹತ್ತಿದಳು.
ಬಾಗಿಲು ತೆರೆದಿಟ್ಟು ಕೇಳುತ್ತಿದ್ದೆ. ನಾಲ್ಕರಲ್ಲಿ ಒಮ್ಮೆ ನಿಂತಳು.

ಡಬ್ಬದಲ್ಲಿ ಇನ್ನೂ ಆರಿವೆ.