ಮುನ್ನೂರು ಗ್ರಾಂ

ಕೈತಾನ್ ರೆಬೆಲ್ಲೊನ ಗುರು ಒಂದು ಕ್ಯಾಸೆಟ್ಟು.
ಹಡಗಿನಲ್ಲಿ ಅಡುಗೆಗಿದ್ದ ಲಾದ್ರು ಮಾಮ
ವೆರಾಕ್ರೂಜ್ ಬಂದರಿನಿಂದ ತಂದದ್ದು,
ಸಾಬೂನು ಸೆಂಟುಗಳ ನಡುವೆ, ಬನಿಯನಿನಲ್ಲಿ ಸುತ್ತಿ.
ಅದರೊಳಗೆ ಮೆಕ್ಸಿಕೊದ ಒಬ್ಬ ಗಿಡ್ಡ ಮನುಷ್ಯ.
ಹೆಸರು ಓದಲು ನಮಗೆ ಬರಲಿಲ್ಲ.
ಹನ್ನೆರಡು ಸುತ್ತೂ ಹಿಂದೆ ಹೆಜ್ಜೆಯಿಡದೆ
ಎಡಗೈಯಿಂದ ಪಕ್ಕೆಲುಬಿನ ಕೆಳಗೆ
ಬಾಗಿಲು ಬಡಿಯುವವನ ಹಾಗೆ ಬಡಿಯುತ್ತಿದ್ದ,
ತೆರೆಯುವವರೆಗೆ.

ಬೋಳಾರದಿಂದ ಬಾಡಿಗೆಗೆ ತಂದ ವಿಸಿಆರ್,
ರಾತ್ರಿಯಿಡೀ ಅದೇ ಅದೇ ಪೆಟ್ಟು.
ಯಾರೋ ಗಂಟಲು ಹರಿದು ‘ಸಾಂತಾ ಮರಿಯಾ’ ಅಂದಾಗ
ಗಂಜಿ ಬಸಿಯುತ್ತಿದ್ದ ಕಾರ್ಮಿನ್‌ಬಾಯಿ
ತಟ್ಟನೆ ಶಿಲುಬೆಯ ಗುರುತು ಹಾಕಿಕೊಂಡು
‘ನಮ್ಮವರೇ ಮಾರಾಯಾ, ಇವರು’ ಅಂದಳು.
ಆಮೇಲೆ ಆ ಗಿಡ್ಡನಿಗೂ ಒಂದು ತಟ್ಟೆ ಇಡುವುದೊಂದು ಬಾಕಿ.

ಹಗಲು ಹೊಯ್ಗೆಬಜಾರಿನ ಹೆಂಚಿನ ಕಾರ್ಖಾನೆ.
ಸಂಜೆ ಅಲ್ಲಿಯದೇ ತೊಲೆಗೆ ನೇತುಹಾಕಿದ ಗೋಣಿ,
ಒಡೆದ ಹೆಂಚಿನ ಪುಡಿ ತುಂಬಿದ್ದು.
ಗುದ್ದಿದರೆ ಕೆಂಪು ಧೂಳು.
ಒಂದು ಹನಿ ರಕ್ತ ಸುರಿಯುವ ಮೊದಲೇ
ಅವನ ಉಗುಳು ಕೆಂಪು.

ನಾನು ದೂಮಪ್ಪ, ಬಕೆಟ್ ಹಿಡಿದವನು.
ಧಕ್ಕೆಯಲ್ಲಿ ಸಾವ್ಕಾರರ ಮೀನು ತೂಗುವ ಕೆಲಸ.
ಮೂವತ್ತೊಂದು ಪಂದ್ಯ, ಎರಡೇ ಸೋಲು,
ಪ್ರತಿ ಸಲವೂ ನಾನೇ ಐಸು ಒಯ್ದು
ಊದಿದ ಕಣ್ಣಿಗೆ ಒತ್ತಿದ್ದು.
‘ಮಂಗಳೂರಿನವನು ಹತ್ತಿರ ಬಂದರೆ ಬಂಗುಡೆ ವಾಸನೆ’
ಅಂತ ಬೆಳಗಾವಿಯ ಹುಡುಗ ನಕ್ಕಿದ್ದ.
ಎರಡನೇ ಸುತ್ತಿನಲ್ಲಿ ಅವನ ಬಾಗಿಲು ತೆರೆಯಿತು.
ಮೊಣಕಾಲೂರಿ ಕೂತ, ನಗು ಅಲ್ಲೇ ಇತ್ತು,
ಉಸಿರು ಮಾತ್ರ ಇರಲಿಲ್ಲ.

ಎಂಬತ್ತಾರರಲ್ಲಿ ಪತ್ರ ಬಂತು.
ಮದ್ರಾಸಿನಲ್ಲಿ ಆಯ್ಕೆ. ಗೆದ್ದವರ ತಂಡ
ಮೆಕ್ಸಿಕೊಗೆ.
ಕೈತಾನ್ ಆ ಕಾಗದವನ್ನು ಟಿವಿಯ ಮೇಲಿಟ್ಟು
ಗಿಡ್ಡನಿಗೆ ಕೊಂಕಣಿಯಲ್ಲಿ ಏನೋ ಹೇಳಿದ.

ಐವತ್ತನಾಲ್ಕು ಕಿಲೊ ದಾಟಬಾರದು.
ಹತ್ತು ದಿನ ಹೆಂಚಿನ ಗೂಡಿನ ಬಾಯಲ್ಲಿ
ಕಂಬಳಿ ಹೊದ್ದು ಕೂತು ಬೆವರಿದ.
ಕೊನೆಯ ರಾತ್ರಿ ಧಕ್ಕೆಗೆ ಬಂದು,
ಬುಟ್ಟಿ ತೂಗುವ ಕೊಕ್ಕೆಗೆ ಎರಡೂ ಕೈಯಲ್ಲಿ
ಅಂಜಲಿನ ಹಾಗೆ ಜೋತುಬಿದ್ದು
‘ನೋಡು’ ಅಂದ.
ನೋಡಿದೆ. ಐವತ್ತಮೂರೂ ಎಂಟು.
‘ಇನ್ನೂರು ಗ್ರಾಂ ಉಳಿಯಿತಲ್ಲ!’ ಎಂದು
ಒದ್ದೆ ಸಿಮೆಂಟಿನ ಮೇಲೆ ಕುಣಿದ.

ಆ ಮುಳ್ಳು ಬುಟ್ಟಿಗೆ ಅರ್ಧ ಕಿಲೊ ನುಂಗುತ್ತದೆ.
ದೋಣಿಯವರಿಗೆ ಗೊತ್ತಿರಲಿಲ್ಲ.
ಸಾವ್ಕಾರರಿಗೆ ಗೊತ್ತಿತ್ತು.
ಅದರ ಸ್ಪ್ರಿಂಗ್ ಬಿಗಿ ಮಾಡಿದ ಕೈ
ಇದೇ.

ಮರೆತಿದ್ದೆ ಅಂತ ಬಹಳ ವರ್ಷ ಹೇಳಿಕೊಂಡೆ.
ಮರೆತಿರಲಿಲ್ಲ. ಸಾವ್ಕಾರರು ಅಲ್ಲೇ ನಿಂತಿದ್ದರು,
ದೋಣಿಯವರೂ ಇದ್ದರು ಸುತ್ತ,
ನಾಲಿಗೆ ಎತ್ತಲಾಗಲಿಲ್ಲ.
ರೈಲಿನಲ್ಲಿ ಹೇಳೋಣ ಅಂದುಕೊಂಡೆ.
ರೈಲಿನಲ್ಲಿ ಅವನು ಒಣ ತುಟಿ ನೆಕ್ಕುತ್ತ
ಕಿಟಕಿಗೆ ತಲೆಯಾನಿಸಿ ಸುಖವಾಗಿ ನಿದ್ದೆ ಹೋಗಿದ್ದ.

ಮದ್ರಾಸಿನ ತಕ್ಕಡಿ ಸುಳ್ಳು ಕಲಿತಿರಲಿಲ್ಲ.
ಮುನ್ನೂರು ಗ್ರಾಂ ಹೆಚ್ಚು. ಒಂದು ಗಂಟೆ ಸಮಯ.
ಸ್ವೆಟರ್ ತೊಟ್ಟು ಮೆಟ್ಟಿಲು ಹತ್ತಿ ಇಳಿದ.
ಉಗುಳಿದ. ತಲೆ ಬೋಳಿಸಿದೆ ನಾನೇ.
ಚಡ್ಡಿ ಬಿಚ್ಚಿದ.
ಕೊನೆಗೆ ಕೊರಳಿನ ಶಿಲುಬೆ ತೆಗೆದು ನನ್ನ ಅಂಗೈಗೆ ಹಾಕಿದ,
ನಾಲ್ಕು ಗ್ರಾಂ ಇರಬಹುದು.
ಇನ್ನೂ ತೊಂಬತ್ತು ಉಳಿಯಿತು.
ಅಷ್ಟರಲ್ಲಿ ಗಂಟೆ ಹೊಡೆಯಿತು.

ಆಮೇಲೂ ರಾಜ್ಯಕ್ಕೆ ಎರಡು ಸಲ ಚಾಂಪಿಯನ್.
ಪತ್ರಿಕೆಯಲ್ಲಿ ಹೆಸರು, ಒಮ್ಮೆ ತಪ್ಪಾಗಿ.
ಕಾರ್ಖಾನೆ ಮುಚ್ಚಿತು, ಟೇಪಿಗೆ ಬೂಷ್ಟು ಹಿಡಿಯಿತು,
ಬಲಗೈ ಈಗ ಸುಮ್ಮನೆ ನಡುಗುತ್ತದೆ,
ಚಾ ಕುಡಿಯಲು ಎಡಗೈಯೇ ಬೇಕು.

ನನ್ನದೀಗ ಸ್ವಂತ ಅಂಗಡಿ, ಎಲೆಕ್ಟ್ರಾನಿಕ್ ತಕ್ಕಡಿ.
ಶನಿವಾರ ಬರುತ್ತಾನೆ. ಅರ್ಧ ಕಿಲೊ ಬೂತಾಯಿ.
ತೂಗಿ, ಮೇಲೊಂದು ಹಿಡಿ ಹಾಕುತ್ತೇನೆ, ಯಾವಾಗಲೂ.
ಅವನು ಆ ಎಡಗೈಯಿಂದ
ಒಂದೊಂದೇ ಮೀನು ಎತ್ತಿ ವಾಪಸು ಇಡುತ್ತಾನೆ,
ಕೆಂಪು ಅಂಕೆ ಸರಿಯಾಗಿ ಐನೂರಕ್ಕೆ ಬರುವವರೆಗೆ.
‘ಹೆಚ್ಚು ಬೇಡ ದೂಮಪ್ಪ,’ ಅನ್ನುತ್ತಾನೆ,
‘ಕಮ್ಮಿಯೂ.’