ಬಿ ಖರಾಬು, ಒಂದು ಎಕರೆ ಹದಿನಾಲ್ಕು ಗುಂಟೆ

ಪಹಣಿಯಲ್ಲಿ ಈ ತೋಟಕ್ಕೆ ಹೆಸರಿಲ್ಲ,
ಬಿ ಖರಾಬು ಅಂತಿದೆ.
ಅಂದರೆ ಯಾರದೂ ಅಲ್ಲದ್ದು, ಬೆಳೆ ಬಾರದ್ದು,
ಕಂದಾಯಕ್ಕೆ ದಕ್ಕದ್ದು.
ಶಿರಾದ ಜನ ಬಾಗಿನ ತೋಟ ಅನ್ನುತ್ತಾರೆ.
ಬಾಗೂ ತೋಟವೇ, ತೋಟವೂ ತೋಟವೇ;
ಎರಡೆರಡು ಸಲ ಕೂಗಿದರೂ
ಕಡತಕ್ಕೆ ಒಂದು ಸಲವೂ ಕೇಳಿಸಿರಲಿಲ್ಲ.

ನನ್ನ ಕೆಲಸ ಇಷ್ಟೇ:
ಸಂರಕ್ಷಿತ ಎಂದು ಸಾರುವ ಮೊದಲು
ಏನೇನಿದೆ ಬರೆದುಕೊಳ್ಳುವುದು.
ಸರ್ವೆಯ ಗಿರಿಯಣ್ಣ ಸರಪಳಿ ಎಳೆದ,
ನಾನು ಚಕ್ಕುಬಂದಿ ಗೀಚಿದೆ.
ಪೂರ್ವಕ್ಕೆ, ಬಿದ್ದ ಗೋಡೆ.
ಪಶ್ಚಿಮಕ್ಕೆ, ಬೀಳಲಿರುವ ಗೋಡೆ.
ಉತ್ತರಕ್ಕೆ, ಹೆದ್ದಾರಿಯ ಲಾರಿಗಳ ಸದ್ದು.
ಸದ್ದನ್ನು ಗಡಿ ಅನ್ನಲಾಗದು, ಹೊಡೆದುಹಾಕಿ
ಸರ್ಕಾರಿ ಓಣಿ ಎಂದು ತಿದ್ದಿದೆ.
ದಕ್ಷಿಣಕ್ಕೆ ಗೋರಂಟಿ ಬೇಲಿ.

ನಮೂನೆಯಲ್ಲಿ ಕಲ್ಲಿಗೆ ಜಾಗವಿದೆ:
ಕಾರಂಜಿಯ ಎಂಟು ಮೂಲೆ, ಒಣಗಿದ ತೊಟ್ಟಿ,
ಗಾರೆಯ ಕಾಲುವೆ ಎಪ್ಪತ್ತೆರಡು ಅಡಿ.
ನೆರಳಿಗೆ ಜಾಗವಿಲ್ಲ.
ಮಧ್ಯಾಹ್ನ ಮೂರಕ್ಕೆ ಹುಣಸೆಯ ನೆರಳು
ತೊಟ್ಟಿಯ ಅಂಚಿಗೆ ಬಂದು ಬಗ್ಗಿ ನೋಡುತ್ತದಲ್ಲ,
ಅದನ್ನು ಯಾವ ಶೀರ್ಷಿಕೆಯಡಿ ತರಲಿ?
ಮರಮರಕ್ಕೂ ತಗಡಿನ ನಂಬರು ಬಡಿದೆವು.
ಏಳನೆಯದು ಬೇವು. ಮೊಳೆ ಹೋದಲ್ಲಿ ಅಂಟು ಒಸರಿತು.
ಅದೂ ದಾಖಲಾಗಲಿಲ್ಲ.

ದಾಳಿಂಬೆಯ ವಯಸ್ಸು ಎಂಬಲ್ಲಿ
'ನವಾಬರ ಕಾಲ ಅಂತ ಹಾಕಿ' ಎಂದ ಗಿರಿಯಣ್ಣ.
ದಾಳಿಂಬೆ ಮುನ್ನೂರು ವರ್ಷ ಬಾಳುವುದಿಲ್ಲ ಕಣಯ್ಯ.
ಇದು ಅದರ ಮೊಮ್ಮಗನ ಮರಿಮೊಮ್ಮಗ;
ಬುಡದಿಂದ ಬುಡಕ್ಕೆ ಯಾರೋ ಕಡ್ಡಿ ಊರಿದ್ದಾರೆ,
ಯಾರೋ ನೀರು ಹೊಯ್ದಿದ್ದಾರೆ.

ಆ ಯಾರೋ ಎದುರಿಗೇ ಕೂತಿದ್ದಳು
ಬಿಂದಿಗೆಯ ಪಕ್ಕ, ಸೊಪ್ಪು ಸೋಸುತ್ತ.
ನಾವು ಕೇಳಲಿಲ್ಲ.

ಕರಡು ಅಧಿಸೂಚನೆ ಅಂಟಿಸಿದೆವು.
ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನದೊಳಗೆ.
ಜೊತೆಗೇ ಬೋರ್ಡು: ಮುಟ್ಟಬಾರದು, ಕೀಳಬಾರದು,
ಅಪ್ಪಣೆಯಿಲ್ಲದೆ ಒಳಗೆ ಬರಬಾರದು.
ಸೈಟು ಮಾಡಲು ಹೊಂಚಿದ್ದವರು ಎರಗುತ್ತಾರೆಂದು
ವಕೀಲರನ್ನು ಕೇಳಿ ಉತ್ತರ ಹೊಸೆದಿಟ್ಟಿದ್ದೆ.
ಅವರು ಬರಲಿಲ್ಲ.
ಇಪ್ಪತ್ತೊಂಬತ್ತನೇ ದಿನ ಒಂದೇ ಒಂದು ಬಂತು,
ಗೆರೆಹಾಳೆಯ ಮೇಲೆ, ಮೊಮ್ಮಗಳ ದುಂಡಕ್ಷರ:

'ನಾನು ಪ್ಯಾರೀಬಿ, ನದಾಫರ ಓಣಿ.
ನಮ್ಮತ್ತೆ ನೀರು ಹಾಕುತ್ತಿದ್ದಳು, ಅವರತ್ತೆಯೂ.
ಹಬ್ಬಕ್ಕೆ ಊರ ಹೆಣ್ಣುಮಕ್ಕಳ ಅಂಗೈಗೆಲ್ಲ
ಈ ಬೇಲಿಯದೇ ಸೊಪ್ಪು.
ಕೀಳದಿದ್ದರೆ ಗೋರಂಟಿ ಚಿಗುರೋದಿಲ್ಲ ಸಾಹೇಬರೇ.
ತೋಟ ಕಾಪಾಡಿ, ಬೇಡ ಅನ್ನೋಲ್ಲ.
ನನ್ನಿಂದ ಯಾಕೆ?'

ಕೆಳಗೆ ಹೆಬ್ಬೆಟ್ಟು. ಇಂಕಿರಲಿಲ್ಲವೇನೋ,
ಗೋರಂಟಿ ರಸ, ಇಟ್ಟಿಗೆ ಬಣ್ಣ.
ಮೊಹರು ಹೊಡೆಯಲು ಎತ್ತಿದ ಕೈ
ಸುಮಾರು ಹೊತ್ತು ಜಾಗ ಹುಡುಕಿತು.

ನಿಯಮದಲ್ಲಿ ಉತ್ತರ ಸಿದ್ಧವಿದೆ:
ಪರಿಶೀಲಿಸಿ ತಿರಸ್ಕರಿಸಲಾಗಿದೆ.
ಮೂರು ಸಲ ಟೈಪು ಮಾಡಿದೆ, ಮೂರು ಸಲ ಅಳಿಸಿದೆ.
ಆಮೇಲೆ ಅನುಸೂಚಿಯ ತಳದಲ್ಲಿ, ಇತರೆ ಎಂಬಲ್ಲಿ,
ಕಚೇರಿಗೆ ತಿಳಿಯುವ ಮಾತಿನಲ್ಲೇ
ಕಳ್ಳನ ಹಾಗೆ ಒಂದು ಸಾಲು ತೂರಿಸಿದೆ:
ಗೋಡೆ, ಕಾರಂಜಿ, ಕಾಲುವೆ ಹಾಗೂ
ದಕ್ಷಿಣದಿಂದ ನೀರು ತರುವ, ಸೊಪ್ಪು ಕೊಯ್ಯುವ ವಾಡಿಕೆ ಸಹಿತ.

ಮೇಲಧಿಕಾರಿ ಕನ್ನಡಕ ಏರಿಸಿದರು.
'ಈ ವಾಡಿಕೆ ಎಲ್ಲಿದೆ? ಸ್ಥಳದಲ್ಲಿ ತೋರಿಸ್ತೀರಾ?'
'ತೋರಿಸ್ತೀನಿ ಸಾರ್, ಬೆಳಿಗ್ಗೆ ಆರಕ್ಕೆ ಬಂದರೆ.'
ಆರಕ್ಕೆ ಅವರು ಬರಲಿಲ್ಲ.
ಸಹಿ ಬಂತು.

ರಾಜ್ಯಪತ್ರದಲ್ಲಿ ಅಚ್ಚಾಗಿದೆ,
ವಾಡಿಕೆ ಹೋಗಿ ವಾಟಿಕೆಯಾಗಿ.
ತಿದ್ದುಪಡಿಗೆ ಬರೆಯಲಿಲ್ಲ. ಇರಲಿ,
ಮೂರನೆಯ ಸಲವೂ ತೋಟವೆಂದೇ ಕೂಗಿದಂತಾಯಿತು.

ಹೆಬ್ಬಾಗಿಲಿಗೆ ಈಗ ಸರ್ಕಾರದ ಬೀಗ.
ದಕ್ಷಿಣದ ಬೇಲಿಯಲ್ಲಿ
ಸೊಂಟದ ಬಿಂದಿಗೆ ತಾಗದಷ್ಟು ಅಗಲದ ಸಂದು.
ಚಕ್ಕುಬಂದಿಯಲ್ಲಿ ಅದನ್ನು
ನಾನು ಬರೆದಿಲ್ಲ.